ಜ್ಞಾನಚಂದ್ರ ಘೋಷ್: ಸೋತ ಸಿದ್ಧಾಂತ, ಸೋಲದ ಬದುಕು

ಶಿವಾಜಿನಗರದ ಹಳೆಯ ವಾಹನ ಬಿಡಿಭಾಗಗಳ ಅಂಗಡಿಸಾಲಿನಲ್ಲಿ ಬ್ಯಾಟರಿ ದುರಸ್ತಿ ಮಾಡುವವರನ್ನು ಅರೆಗಳಿಗೆ ನಿಂತು ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಅವರು ಬ್ಯಾಟರಿಯ ಮುಚ್ಚಳ ತೆರೆದು, ಗಾಜಿನ ನಳಿಗೆಯಿಂದ ಒಳಗಿನ ಆಮ್ಲವನ್ನು ಹೀರಿ, ಅದರ ಸಾಂದ್ರತೆಯನ್ನು ಅಳೆದ ಮೇಲೆಯೇ ನೀರು ಹೊಯ್ಯುತ್ತಾರೆ. ಆ ನೀರೂ ನಲ್ಲಿಯ ನೀರಾಗಬಾರದು, ಬಟ್ಟಿ ಇಳಿಸಿದ್ದೇ ಆಗಬೇಕು. ನಲ್ಲಿಯ ನೀರಿನಲ್ಲಿ ಬೇಡದ ಲವಣಗಳಿರುತ್ತವೆ. ಅವು ಬ್ಯಾಟರಿಯ ಫಲಕಗಳನ್ನು ಕೆಡಿಸುತ್ತವೆ. ಕಸುಬು ಕಲಿಸಿದ ಈ ಎಚ್ಚರದ ಹಿಂದೆ ರಸಾಯನಶಾಸ್ತ್ರದ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಆಮ್ಲವೊಂದು ನೀರಿಗೆ ಬಿದ್ದೊಡನೆ ಅದಕ್ಕೆ ಏನಾಗುತ್ತದೆ?

ಶುದ್ಧ ನೀರು ವಿದ್ಯುತ್ತನ್ನು ಬಹುಮಟ್ಟಿಗೆ ಒಯ್ಯಲಾರದು. ತೇವಾಂಶವಿಲ್ಲದ ಹೈಡ್ರೊಜನ್ ಕ್ಲೋರೈಡ್ ಅನಿಲವೂ ಒಯ್ಯಲಾರದು. ಆದರೆ ಆ ಅನಿಲವನ್ನು ನೀರಿನಲ್ಲಿ ಕರಗಿಸಿದರೆ ದೊರೆಯುವ ಹೈಡ್ರೊಕ್ಲೋರಿಕ್ ಆಮ್ಲ ಅತ್ಯುತ್ತಮ ವಾಹಕ. ಅದೇ ಅನಿಲವನ್ನು ನೀರಿನ ಬದಲು ಬೆಂಜೀನಿನಲ್ಲಿ ಕರಗಿಸಿದರೆ ವಿದ್ಯುತ್ತು ಹರಿಯದು, ಒಣ ನೀಲಿ ಲಿಟ್ಮಸ್ ಕಾಗದ ಕೆಂಪಾಗದು. ಎರಡು ಅವಾಹಕಗಳು ಕೂಡಿ ಒಂದು ವಾಹಕವಾಗುವ ಈ ವಿಚಿತ್ರವನ್ನು ಬಿಡಿಸುವ ಯತ್ನದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳೂ ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳೂ ಕಳೆದವು. ಆ ಯತ್ನದಲ್ಲಿ ಹೆಸರು ಮಾಡಿದ ಒಬ್ಬ ಭಾರತೀಯ ಮುಂದೆ ಎಂಟು ವರ್ಷಕ್ಕೂ ಮಿಕ್ಕಿ ಬೆಂಗಳೂರಿನಲ್ಲಿದ್ದು, ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದರು. ಅವರೇ ಸರ್ ಜ್ಞಾನಚಂದ್ರ ಘೋಷ್.

ಟಾಟಾ ಇನ್‌ಸ್ಟಿಟ್ಯೂಟ್ ಎಂದು ಬೆಂಗಳೂರಿಗರು ಇಂದಿಗೂ ಕರೆಯುವ ಆ ಸಂಸ್ಥೆಯ ನಿರ್ದೇಶಕರ ಸಾಲಿನಲ್ಲಿ ಸಿ.ವಿ. ರಾಮನ್, ಸತೀಶ್ ಧವನ್ ಅವರನ್ನು ಎಲ್ಲರೂ ಬಲ್ಲರು. ಅವರಿಬ್ಬರ ನಡುವೆ ಬಂದ ಘೋಷರ ಹೆಸರು ವಿಜ್ಞಾನದ ವಿದ್ಯಾರ್ಥಿಗಳ ನಾಲಗೆಯ ಮೇಲೂ ಸುಲಭವಾಗಿ ಸುಳಿಯುವುದಿಲ್ಲ. ಅವರ ಹೆಸರಿನ ಸಿದ್ಧಾಂತ ಪಠ್ಯಪುಸ್ತಕಗಳಲ್ಲಿ ಉಳಿಯದೇ ಹೋದದ್ದು ಅದಕ್ಕೆ ಒಂದು ಕಾರಣವಾಗಿರಬಹುದು. ಅದು ಉಳಿಯದಿದ್ದುದಕ್ಕೆ ಕಾರಣ ಸರಳ. ಅದು ತಪ್ಪಾಗಿತ್ತು. ಆದರೆ ಆ ತಪ್ಪು ಎಂಥದು, ಅದರಿಂದ ಏನು ಹುಟ್ಟಿತು, ತಪ್ಪಿದ ಮೇಲೆ ಆ ಮನುಷ್ಯ ಏನು ಮಾಡಿದರು ಎಂಬುದನ್ನು ತಿಳಿದರೆ, ಗೆದ್ದವರನ್ನಷ್ಟೇ ನೆನೆಯುವ ನಮ್ಮ ಅಭ್ಯಾಸವನ್ನು ಒಮ್ಮೆ ಪ್ರಶ್ನಿಸಿಕೊಳ್ಳಬೇಕೆನಿಸುತ್ತದೆ.

ಘೋಷ್ ಹುಟ್ಟಿದ್ದು 1894ರ ಸೆಪ್ಟೆಂಬರ್ 4ರಂದು, ಇಂದು ಪಶ್ಚಿಮ ಬಂಗಾಳದಲ್ಲಿರುವ ಪುರುಲಿಯದಲ್ಲಿ. ಅಭ್ರಕದ ಗಣಿಗಳಿಗೆ ಹೆಸರಾದ ಗಿರಿಡೀಹ್‌ನಲ್ಲಿ ಶಾಲೆಯ ಓದು ಮುಗಿಸಿ, 1909ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಆ ವರ್ಷಗಳಲ್ಲಿ ಅಲ್ಲಿ ಓದಿದವರ ಪಟ್ಟಿಯನ್ನು ನೋಡಿದರೆ ಅಚ್ಚರಿಯಾಗುತ್ತದೆ. ಸತ್ಯೇಂದ್ರನಾಥ ಬೋಸ್, ಮೇಘನಾದ ಸಾಹಾ, ಜ್ಞಾನೇಂದ್ರನಾಥ ಮುಖರ್ಜಿ ಎಲ್ಲರೂ ಘೋಷರ ಜೊತೆಯವರು. ಅವರಿಗೆ ಪಾಠ ಹೇಳಿದವರಲ್ಲಿ ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರಾಯ್ ಇದ್ದರು. ಬ್ರಹ್ಮಚಾರಿಯಾಗಿ ಉಳಿದು, ಸಂಪಾದಿಸಿದ್ದನ್ನೆಲ್ಲ ವಿದ್ಯೆಗೂ ದೇಶಸೇವೆಗೂ ಕೊಟ್ಟ ಆಚಾರ್ಯ ರಾಯ್ ಅವರ ಪ್ರಭಾವ ಘೋಷರ ಮೇಲೆ ಕೊನೆಯವರೆಗೂ ಉಳಿಯಿತು. ರಸಾಯನಶಾಸ್ತ್ರ ಪ್ರಯೋಗಶಾಲೆಯ ವಿದ್ಯೆ ಮಾತ್ರವಲ್ಲ, ನಾಡಿನ ಬಡತನವನ್ನು ನೀಗಿಸುವ ಸಾಧನವೂ ಹೌದೆಂಬ ಪಾಠವನ್ನು ಅವರು ಕಲಿತದ್ದು ಅಲ್ಲಿ.

1915ರಲ್ಲಿ ಎಂ.ಎಸ್ಸಿ. ಮುಗಿಯಿತು. ಆಶುತೋಷ್ ಮುಖರ್ಜಿ ಅವರು ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಆಗಷ್ಟೇ ಕಟ್ಟುತ್ತಿದ್ದ ವಿಜ್ಞಾನ ಕಾಲೇಜಿಗೆ ಈ ತರುಣರನ್ನು ಬೋಧಕರಾಗಿ ಕರೆದುಕೊಂಡರು. ಯೂರೋಪಿನಲ್ಲಿ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಪುಸ್ತಕ, ಪತ್ರಿಕೆ, ಉಪಕರಣಗಳೆಲ್ಲಕ್ಕೂ ಅಭಾವ. ಪ್ರಯೋಗಕ್ಕೆ ಬೇಕಾದ ಸಲಕರಣೆ ಇಲ್ಲದಿದ್ದಾಗ ಉಳಿದದ್ದು ಕಾಗದ, ಲೇಖನಿ ಮತ್ತು ಬೇರೆಯವರು ಅಳೆದಿಟ್ಟ ಅಂಕಿಗಳು. ಘೋಷರು ಕೈಗೆತ್ತಿಕೊಂಡದ್ದು ಆ ಅಂಕಿಗಳಲ್ಲಿ ಮೂವತ್ತು ವರ್ಷಗಳಿಂದ ಬಗೆಹರಿಯದೆ ಉಳಿದಿದ್ದ ಒಂದು ಒಗಟನ್ನು.

ಆ ಒಗಟು ತಿಳಿಯಬೇಕಾದರೆ ಸ್ವೀಡನ್ನಿನ ಸ್ವಾಂಟೆ ಅರ್ಹೀನಿಯಸ್ ಅವರಿಂದ ಆರಂಭಿಸಬೇಕು. 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಬೀಜರೂಪವಾಗಿಯೂ 1887ರಲ್ಲಿ ಸ್ಪಷ್ಟವಾಗಿಯೂ ಅವರು ಮುಂದಿಟ್ಟ ವಿಚಾರವಿದು: ಆಮ್ಲ, ಪ್ರತ್ಯಾಮ್ಲ, ಲವಣಗಳು ನೀರಿನಲ್ಲಿ ಕರಗಿದಾಗ ಅವುಗಳ ಅಣುಗಳಲ್ಲಿ ಕೆಲವು ತಾವಾಗಿಯೇ ಒಡೆದು, ವಿದ್ಯುದಾವೇಶ ಹೊತ್ತ ತುಣುಕುಗಳಾಗುತ್ತವೆ. ಇವೇ ಅಯಾನುಗಳು. ಆಮ್ಲವಾದರೆ ಧನಾವೇಶದ ಹೈಡ್ರೊಜನ್ ಅಯಾನನ್ನು ಕೊಡುತ್ತದೆ, ಪ್ರತ್ಯಾಮ್ಲವಾದರೆ ಋಣಾವೇಶದ ಹೈಡ್ರಾಕ್ಸಿಲ್ ಅಯಾನನ್ನು ಕೊಡುತ್ತದೆ. ಎರಡೂ ಕೂಡಿದರೆ ನೀರು, ಉಳಿದದ್ದು ಲವಣ. ವಿದ್ಯುತ್ತು ಹರಿಸುವ ಮೊದಲೇ ದ್ರಾವಣದಲ್ಲಿ ಅಯಾನುಗಳು ಇರುತ್ತವೆ ಎಂಬ ಮಾತನ್ನು ಅವರ ಪರೀಕ್ಷಕರು ನಂಬಲಿಲ್ಲ. ಪ್ರಬಂಧಕ್ಕೆ ಸಿಕ್ಕಿದ್ದು ಕೆಳದರ್ಜೆಯ ಅಂಕ. 1903ರಲ್ಲಿ ಅದೇ ವಿಚಾರಕ್ಕೆ ನೊಬೆಲ್ ಪ್ರಶಸ್ತಿ ಬಂತು.

ಅಯಾನುಗಳು ಹುಟ್ಟುವುದರಲ್ಲಿ ನೀರಿನ ಪಾತ್ರವೇನು? ನೀರಿನ ಅಣುವಿನಲ್ಲಿ ಆಕ್ಸಿಜನ್ ಇರುವ ತುದಿ ತುಸು ಋಣ, ಹೈಡ್ರೊಜನ್ ಇರುವ ತುದಿ ತುಸು ಧನ. ಆವೇಶ ಹೊತ್ತ ಕಣವೊಂದು ಒಳಗೆ ಬಂದರೆ ಈ ಅಣುಗಳು ತಕ್ಕ ತುದಿಯನ್ನು ಅದರತ್ತ ತಿರುಗಿಸಿ ಸುತ್ತುವರಿಯುತ್ತವೆ. ಪರಿಣಾಮವಾಗಿ ಧನ ಮತ್ತು ಋಣ ಅಯಾನುಗಳ ನಡುವಣ ಸೆಳೆತ, ಗಾಳಿಯಲ್ಲಿ ಇರುವುದರ ಸುಮಾರು 80ರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. ಒಮ್ಮೆ ಅಗಲಿದ ಜೋಡಿ ಮತ್ತೆ ಕೂಡುವ ಒತ್ತಾಯ ಅಷ್ಟರಮಟ್ಟಿಗೆ ಕಡಮೆ. ಆಮ್ಲದ ವಿಷಯದಲ್ಲಿ ನೀರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆಮ್ಲ ಬಿಟ್ಟುಕೊಟ್ಟ ಹೈಡ್ರೊಜನ್ ಅಯಾನನ್ನು ತಾನೇ ಹಿಡಿದುಕೊಂಡು ಹೈಡ್ರೋನಿಯಮ್ ಅಯಾನು ಆಗುತ್ತದೆ. ಬೆಂಜೀನಿಗೆ ಈ ಯಾವ ಗುಣವೂ ಇಲ್ಲ. ಹಾಗಾಗಿ ಅದರಲ್ಲಿ ಹೈಡ್ರೊಜನ್ ಕ್ಲೋರೈಡ್ ಅಣುವಾಗಿಯೇ ಉಳಿಯುತ್ತದೆ.

ಎಲ್ಲ ಆಮ್ಲಗಳೂ ಒಂದೇ ಪ್ರಮಾಣದಲ್ಲಿ ಒಡೆಯುವುದಿಲ್ಲ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ದುರ್ಬಲ. ಲೀಟರಿಗೆ ಸುಮಾರು 6 ಗ್ರಾಂ ಇರುವ ದ್ರಾವಣದಲ್ಲಿ ಅದರ ಸಾವಿರ ಅಣುಗಳಲ್ಲಿ ಒಡೆದಿರುವುದು ಹದಿಮೂರು ಮಾತ್ರ. ನೀರು ಬೆರೆಸಿ ತೆಳುವಾಗಿಸಿದಷ್ಟೂ ಒಡೆದ ಅಣುಗಳ ಪಾಲು ಹೆಚ್ಚುತ್ತದೆ. ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ 1888ರಲ್ಲಿ ಇದಕ್ಕೊಂದು ಗಣಿತ ನಿಯಮ ಕೊಟ್ಟರು. ಅಸಿಟಿಕ್ ಆಮ್ಲದಂಥ ದುರ್ಬಲರು ಆ ನಿಯಮಕ್ಕೆ ಚಾಚೂ ತಪ್ಪದೆ ತಲೆಬಾಗಿದರು. ಆದರೆ ಹೈಡ್ರೊಕ್ಲೋರಿಕ್ ಆಮ್ಲ, ಸೋಡಿಯಂ ಹೈಡ್ರಾಕ್ಸೈಡ್, ಅಡುಗೆ ಉಪ್ಪು ಮೊದಲಾದ ಪ್ರಬಲರು ನಿಯಮಕ್ಕೆ ಸಿಗಲೇ ಇಲ್ಲ. ಹೀಗೆ ಸಿಗದಿರುವುದೇ ಪ್ರಬಲ ವಿದ್ಯುದ್ವಿಭಾಜ್ಯಗಳ ಅಪವಾದವೆಂದು ಹೆಸರಾಯಿತು. ಘೋಷರ ಕೈಗೆ ಬಂದ ಒಗಟು ಇದೇ.

1918ರಲ್ಲಿ, ವಯಸ್ಸು ಇನ್ನೂ ಇಪ್ಪತ್ನಾಲ್ಕು ತುಂಬುವ ಹೊತ್ತಿನಲ್ಲಿ, ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಪ್ರಬಂಧಗಳು ಒಂದರ ಹಿಂದೊಂದರಂತೆ ಪ್ರಕಟವಾದವು. ನೀರಿನಲ್ಲಿ ಕರಗಿದ ಲವಣಗಳು, ನೀರಲ್ಲದ ದ್ರಾವಕಗಳು, ಆಮ್ಲ-ಪ್ರತ್ಯಾಮ್ಲಗಳ ವಾಹಕತೆ ಹೀಗೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಪರಿಶೀಲಿಸಿದರು. ಅವರ ಮೂಲ ಪ್ರತಿಪಾದನೆ ಧೈರ್ಯದ್ದು. ಪ್ರಬಲ ವಿದ್ಯುದ್ವಿಭಾಜ್ಯಗಳಲ್ಲಿ ಒಡೆಯದ ಅಣುಗಳೇ ಇಲ್ಲ, ದ್ರಾವಣ ತೆಳುವಾಗಿರಲಿ ದಟ್ಟವಾಗಿರಲಿ ಎಲ್ಲವೂ ಅಯಾನುಗಳೇ ಎಂದು ಅವರು ಹೇಳಿದರು. ಹಾಗಿದ್ದರೆ ದಟ್ಟ ದ್ರಾವಣದಲ್ಲಿ ವಾಹಕತೆ ನಿರೀಕ್ಷೆಗಿಂತ ಕಡಮೆಯಾಗುವುದೇಕೆ? ಅಯಾನುಗಳು ಒಂದನ್ನೊಂದು ಸೆಳೆಯುವುದರಿಂದ. ಆ ಸೆಳೆತವನ್ನು ಮೀರುವಷ್ಟು ಚಲನಶಕ್ತಿ ಇರುವ ಅಯಾನುಗಳು ಮಾತ್ರ ವಿದ್ಯುತ್ತನ್ನು ಹೊತ್ತು ಸಾಗುತ್ತವೆ. ಉಳಿದವು ಅಯಾನುಗಳೇ ಆಗಿದ್ದರೂ ಕಟ್ಟುಬಿದ್ದಿರುತ್ತವೆ.

ಪೂರ್ಣವಾಗಿ ಒಡೆಯುವ ಕಲ್ಪನೆ ಘೋಷರೊಬ್ಬರದೇ ಅಲ್ಲ. ಡೆನ್ಮಾರ್ಕಿನ ನೀಲ್ಸ್ ಬಿಯೆರಮ್ 1909ರಲ್ಲಿ ಅದನ್ನು ಹೇಳಿದ್ದರು. ಇಂಗ್ಲೆಂಡಿನ ಮಿಲ್ನರ್ 1912ರಲ್ಲಿ ಅಯಾನುಗಳ ಪರಸ್ಪರ ಸೆಳೆತವನ್ನು ಲೆಕ್ಕ ಹಾಕಲು ತೊಡಗಿದ್ದರು. ಆದರೆ ಆ ಗಣಿತ ಎಷ್ಟು ಜಟಿಲವಾಗಿತ್ತೆಂದರೆ ಅದನ್ನು ಬಳಸಲು ಯಾರೂ ಮುಂದಾಗಲಿಲ್ಲ. ಘೋಷರ ಹೆಚ್ಚುಗಾರಿಕೆ ಇರುವುದು ಇಲ್ಲಿ. ಅವರು ಸಮಸ್ಯೆಯನ್ನು ಸರಳಗೊಳಿಸಿ, ಯಾವ ವಿದ್ಯಾರ್ಥಿಯೂ ಹಾಕಬಹುದಾದ ಲೆಕ್ಕವಾಗಿ ಮಾರ್ಪಡಿಸಿದರು. ಉಪ್ಪಿನ ಹರಳಿನಲ್ಲಿ ಅಯಾನುಗಳು ಹೇಗೆ ಸಾಲಾಗಿ, ಜಾಲಕದಂತೆ ಜೋಡಣೆಗೊಂಡಿವೆಯೋ ದ್ರಾವಣದಲ್ಲಿಯೂ ಹಾಗೆಯೇ, ತುಸು ದೂರ ದೂರವಾಗಿ ಜೋಡಣೆಗೊಂಡಿರುತ್ತವೆ ಎಂದು ಊಹಿಸಿದರು. ಹರಳುಗಳ ಒಳರಚನೆಯನ್ನು ಬ್ರ್ಯಾಗ್ ತಂದೆ-ಮಗ ಕ್ಷ-ಕಿರಣಗಳಿಂದ ತೋರಿಸಿಕೊಟ್ಟು ಆಗಿನ್ನೂ ಐದಾರು ವರ್ಷವಾಗಿತ್ತಷ್ಟೆ. ಹೊಸ ಬೆಳಕನ್ನು ಹಳೆಯ ಕತ್ತಲೆಯ ಮೇಲೆ ಹಾಯಿಸಿದ ತರುಣನ ಸಾಹಸ ಅದು.

ಸೂತ್ರ ಬಂತು, ಅಂಕಿಗಳೊಂದಿಗೆ ಅನೇಕ ಕಡೆ ಹೊಂದಿತು. ಸಿದ್ಧಾಂತ ಯೂರೋಪಿನಲ್ಲಿ ಚರ್ಚೆಗೆ ಬಂತು, ಭೌತ ರಸಾಯನದ ಪಠ್ಯಗ್ರಂಥಗಳಲ್ಲಿ ಸ್ಥಾನ ಪಡೆಯಿತು. 1919ರಲ್ಲಿ ಘೋಷರು ಲಂಡನ್ನಿಗೆ ಹೋಗಿ ಯೂನಿವರ್ಸಿಟಿ ಕಾಲೇಜಿನಲ್ಲಿ ಫ್ರೆಡರಿಕ್ ಡೊನನ್ ಅವರ ಪ್ರಯೋಗಶಾಲೆ ಸೇರಿದಾಗ ಅವರು ಅಪರಿಚಿತರೇನಾಗಿರಲಿಲ್ಲ. ಅಲ್ಲಿ ಅವರೊಂದಿಗೆ ಗೆಳೆಯ ಮುಖರ್ಜಿಯೂ ಪಂಜಾಬಿನ ಶಾಂತಿಸ್ವರೂಪ ಭಟ್ನಾಗರರೂ ಇದ್ದರು. ಭಾರತಕ್ಕೆ ತನ್ನದೇ ಆದ ರಸಾಯನಶಾಸ್ತ್ರ ಸಂಘ ಬೇಕೆಂದು ಮೂವರೂ ಕನಸು ಕಂಡದ್ದು ಆ ದಿನಗಳಲ್ಲಿ. 1924ರಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿ ಹುಟ್ಟಿತು. ಗುರು ಪ್ರಫುಲ್ಲಚಂದ್ರ ರಾಯ್ ಅವರೇ ಮೊದಲ ಅಧ್ಯಕ್ಷರು.

ಇತ್ತ ಸಿದ್ಧಾಂತದ ಮೇಲೆ ಟೀಕೆಯೂ ಆರಂಭವಾಗಿತ್ತು. ಘೋಷರ ಸೂತ್ರದ ಪ್ರಕಾರ ವಾಹಕತೆಯ ಇಳಿತ ದ್ರಾವಣದ ಸಾರತೆಯ ಘನಮೂಲವನ್ನು ಅವಲಂಬಿಸಬೇಕು. ಆದರೆ ತೀರ ತೆಳುವಾದ ದ್ರಾವಣಗಳಲ್ಲಿ ಅದು ವರ್ಗಮೂಲವನ್ನು ಅನುಸರಿಸುತ್ತದೆಂದು ಜರ್ಮನಿಯ ಕೋಲ್‌ರಾಷ್ ಬಹಳ ಹಿಂದೆಯೇ ಅಳೆದು ತೋರಿಸಿದ್ದರು. ಅಮೆರಿಕದಲ್ಲಿದ್ದ ಜೇಮ್ಸ್ ಕೆಂಡಲ್ 1922ರಲ್ಲಿ ಘೋಷರ ಗಣಿತವನ್ನೂ ಅವರು ಆಯ್ದುಕೊಂಡ ಅಂಕಿಗಳನ್ನೂ ಕಟುವಾಗಿ ವಿಮರ್ಶಿಸಿದರು. ದೋಷ ಮೂಲದಲ್ಲಿಯೇ ಇತ್ತು. ದ್ರಾವಣ ಎಂದರೆ ಹರಳಲ್ಲ. ಅಲ್ಲಿ ಅಯಾನುಗಳು ಸಾಲಿನಲ್ಲಿ ನಿಂತ ಸೈನಿಕರಂತಿಲ್ಲ; ಶಾಖದ ಹೊಡೆತಕ್ಕೆ ಎಡೆಬಿಡದೆ ಅಲೆಯುತ್ತಿರುತ್ತವೆ. ಅಲೆದಾಟವನ್ನು ಕೈಬಿಟ್ಟದ್ದರಿಂದಲೇ ಲೆಕ್ಕ ಸುಲಭವಾಗಿತ್ತು. ಸುಲಭವಾದದ್ದರಿಂದಲೇ ತಪ್ಪಾಗಿತ್ತು.

ಸರಿಯಾದ ಉತ್ತರ 1923ರಲ್ಲಿ ಬಂತು. ಜೂರಿಕ್‌ನಲ್ಲಿದ್ದ ಪೀಟರ್ ಡಿಬೈ ಮತ್ತು ಎರಿಕ್ ಹ್ಯೂಕೆಲ್ ಕೂಡ ಪ್ರಬಲ ವಿದ್ಯುದ್ವಿಭಾಜ್ಯಗಳು ಪೂರ್ಣವಾಗಿ ಒಡೆಯುತ್ತವೆ ಎಂದೇ ಹೊರಟರು. ಆದರೆ ಅಯಾನುಗಳನ್ನು ಜಾಲಕದಲ್ಲಿ ಕಟ್ಟಿಹಾಕಲಿಲ್ಲ. ಅಲೆದಾಡುವ ಪ್ರತಿ ಅಯಾನಿನ ಸುತ್ತ, ಸರಾಸರಿಯಲ್ಲಿ, ವಿರುದ್ಧ ಆವೇಶದ ಅಯಾನುಗಳು ಒಂದಿಷ್ಟು ಹೆಚ್ಚಾಗಿ ಸುಳಿಯುತ್ತಿರುತ್ತವೆ. ಆ ತೆಳುವಾದ ಆವರಣವೇ ಅಯಾನಿನ ನಡಿಗೆಯನ್ನು ಹಿಂದಕ್ಕೆ ಜಗ್ಗುತ್ತದೆ ಎಂದರು. ಲೆಕ್ಕ ಹಾಕಿದಾಗ ವರ್ಗಮೂಲ ತಾನಾಗಿಯೇ ಬಂತು. ಇಂದಿಗೂ ಕಾಲೇಜುಗಳಲ್ಲಿ ಕಲಿಸುವುದು ಈ ಡಿಬೈ-ಹ್ಯೂಕೆಲ್ ಸಿದ್ಧಾಂತವನ್ನೇ.

ಆದರೆ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಹೇಳದ ಸಂಗತಿಯೊಂದಿದೆ. ಡಿಬೈ ಮತ್ತು ಹ್ಯೂಕೆಲ್ ತಮ್ಮ ಪ್ರಬಂಧದಲ್ಲಿ ಘೋಷರ ಸಿದ್ಧಾಂತವನ್ನು ಹೆಸರಿಸಿ ಚರ್ಚಿಸಿದ್ದಾರೆ. ಅದರ ತಪ್ಪನ್ನು ತೋರಿಸಿದ್ದಾರೆ. ಅಷ್ಟೇ ಅಲ್ಲ, ತಮ್ಮ ಚಿಂತನೆಗೆ ಪ್ರೇರಣೆಯಾದದ್ದು ಜೂರಿಕ್‌ನ ಭೌತವಿಜ್ಞಾನ ಸಂಘದಲ್ಲಿ ಘೋಷರ ಕೃತಿಗಳ ಬಗ್ಗೆ ಬಾವರ್ ಎಂಬುವರು ಮಾಡಿದ ಉಪನ್ಯಾಸವೆಂದು ದಾಖಲಿಸಿದ್ದಾರೆ. ಕಲ್ಕತ್ತೆಯಲ್ಲಿ, ಯುದ್ಧಕಾಲದ ಅಭಾವದ ನಡುವೆ, ಇಪ್ಪತ್ಮೂರರ ತರುಣನೊಬ್ಬ ಬರೆದ ತಪ್ಪು ಉತ್ತರವಿಲ್ಲದಿದ್ದರೆ ಜೂರಿಕ್‌ನಲ್ಲಿ ಸರಿಯುತ್ತರ ಆ ಹೊತ್ತಿಗೆ ಹುಟ್ಟುತ್ತಿತ್ತೋ ಇಲ್ಲವೋ! ಬಿಯೆರಮ್ ಅವರದು ಸರಿಯಾದ ಸೂಚನೆ, ಮಿಲ್ನರ್ ಅವರದು ಸರಿಯಾದ ಆದರೆ ದುರ್ಗಮವಾದ ಗಣಿತ. ಅವೆರಡೂ ಡಿಬೈ ಅವರನ್ನು ಈ ಕೆಲಸಕ್ಕೆ ಎಬ್ಬಿಸಲಿಲ್ಲ. ಎಬ್ಬಿಸಿದ್ದು, ಪರೀಕ್ಷಿಸಿ ತಿರಸ್ಕರಿಸಬಹುದಾದಷ್ಟು ಸ್ಪಷ್ಟವಾಗಿದ್ದ ಘೋಷರ ತಪ್ಪು.

ಸಿದ್ಧಾಂತ ಬಿದ್ದಾಗ ಘೋಷರಿಗೆ ವಯಸ್ಸು ಇಪ್ಪತ್ತೊಂಬತ್ತು. ಅವರು ಆಗ ಢಾಕಾದಲ್ಲಿದ್ದರು. 1921ರಲ್ಲಿ ಆರಂಭವಾದ ಢಾಕಾ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ಅವರದಾಗಿತ್ತು. ಸಹಪಾಠಿ ಸತ್ಯೇಂದ್ರನಾಥ ಬೋಸರೂ ಅಲ್ಲಿಗೇ ಭೌತವಿಜ್ಞಾನಕ್ಕೆ ಬಂದಿದ್ದರು. 1924ರಲ್ಲಿ ಬೋಸರು ಅಲ್ಲಿಂದ ಬರೆದ ಪುಟ್ಟ ಪ್ರಬಂಧ ಐನ್‌ಸ್ಟೈನ್ ಅವರ ಮೂಲಕ ಜಗತ್ಪ್ರಸಿದ್ಧವಾಯಿತು. ಒಂದೇ ಆವರಣದಲ್ಲಿ ಒಬ್ಬ ಗೆಳೆಯನ ಸಿದ್ಧಾಂತ ಅಮರವಾದ ಹೊತ್ತಿಗೇ ಇನ್ನೊಬ್ಬನದು ಅಸ್ತವಾಗುತ್ತಿತ್ತು. ಇಂಥ ಗಳಿಗೆಯಲ್ಲಿ ಮನಸ್ಸು ಕಹಿಯಾಗುವುದು ಸಹಜ. ತಪ್ಪನ್ನು ತಪ್ಪೆಂದು ಒಪ್ಪದೆ ಜೀವಮಾನವಿಡೀ ವಾದಿಸುತ್ತ ಕುಳಿತವರು ವಿಜ್ಞಾನದ ಚರಿತ್ರೆಯಲ್ಲಿ ಕಡಮೆಯೇನಿಲ್ಲ. ಘೋಷರು ಆ ದಾರಿ ಹಿಡಿಯಲಿಲ್ಲ. ಬೆಳಕಿನಿಂದಾಗುವ ರಾಸಾಯನಿಕ ಕ್ರಿಯೆಗಳು, ವೇಗವರ್ಧಕಗಳು ಮೊದಲಾದ ಬೇರೆ ಕ್ಷೇತ್ರಗಳತ್ತ ಹೊರಳಿದರು. ಹದಿನೆಂಟು ವರ್ಷ ಢಾಕಾದಲ್ಲಿ ನೆಲೆಸಿ, ಒಂದು ವಿಭಾಗವನ್ನು ಬರಿನೆಲದಿಂದ ಕಟ್ಟಿ ನಿಲ್ಲಿಸಿದರು.

ಮೂವತ್ತರ ದಶಕದ ಕೊನೆಯ ಹೊತ್ತಿಗೆ ಅವರ ಲಕ್ಷ್ಯ ದೇಶದ ಕೈಗಾರಿಕೆಯತ್ತ ತಿರುಗಿತ್ತು. 1938ರಲ್ಲಿ ಕಾಂಗ್ರೆಸ್ ನೇಮಿಸಿದ, ಜವಾಹರಲಾಲ್ ನೆಹರೂ ಅಧ್ಯಕ್ಷತೆಯ ರಾಷ್ಟ್ರೀಯ ಯೋಜನಾ ಸಮಿತಿಯಲ್ಲಿ ಮೇಘನಾದ ಸಾಹಾ, ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಅವರೊಂದಿಗೆ ಘೋಷರೂ ಸದಸ್ಯರಾದರು. 1939ರಲ್ಲಿ ಲಾಹೋರಿನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷತೆ ಅವರದಾಯಿತು. ಅದೇ ವರ್ಷ ಬೆಂಗಳೂರಿನ ಕರೆ ಬಂತು.

ಆಗ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸ್ಥಿತಿ ಸುಗಮವಾಗಿರಲಿಲ್ಲ. 1933ರಲ್ಲಿ ಮೊದಲ ಭಾರತೀಯ ನಿರ್ದೇಶಕರಾಗಿ ಬಂದ ರಾಮನ್ ಅವರಿಗೂ ಆಡಳಿತ ಮಂಡಳಿಗೂ ನಡುವೆ ಭಿನ್ನಾಭಿಪ್ರಾಯ ಬೆಳೆದು, 1937ರಲ್ಲಿ ಅವರು ನಿರ್ದೇಶಕ ಸ್ಥಾನ ತೊರೆದಿದ್ದರು. ಆದರೆ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ಅಲ್ಲಿಯೇ ಮುಂದುವರಿದಿದ್ದರು. ಜಗತ್ತೇ ಬಲ್ಲ ವಿಜ್ಞಾನಿಯೊಬ್ಬ ಬಿಟ್ಟುಕೊಟ್ಟ ಕುರ್ಚಿಯಲ್ಲಿ, ಅವರು ಅದೇ ಆವರಣದಲ್ಲಿರುವಾಗಲೇ ಕುಳಿತು ಕೆಲಸ ಮಾಡುವುದು ಯಾರಿಗೂ ಸುಲಭವಲ್ಲ. ಇಲ್ಲೊಂದು ಕುತೂಹಲದ ನಂಟೂ ಉಂಟು. ಪ್ರಬಲ ಆಮ್ಲ ನೀರಿನಲ್ಲಿ ಒಡೆಯುವುದನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದರಲ್ಲಿ ರಾಮನ್ ಪರಿಣಾಮದ ಪಾಲು ದೊಡ್ಡದು. 1930ರಲ್ಲಿ ಐ. ರಾಮಕೃಷ್ಣ ರಾವ್ ಅವರು ನೈಟ್ರಿಕ್ ಆಮ್ಲಕ್ಕೆ ನೀರು ಬೆರೆಸುತ್ತ ಹೋದಂತೆ ರೋಹಿತದಲ್ಲಿ ಆಮ್ಲದ ಅಣುವಿನ ರೇಖೆ ಮಸುಕಾಗಿ ನೈಟ್ರೇಟ್ ಅಯಾನಿನ ರೇಖೆ ಬಲವಾಗುವುದನ್ನು ದಾಖಲಿಸಿದ್ದರು. ಘೋಷರು ಕಾಗದದ ಮೇಲೆ ಹುಡುಕಿದ್ದನ್ನು ರಾಮನ್ನರ ಬೆಳಕು ಹೀಗೆ ಬೇರೊಂದು ದಾರಿಯಿಂದ ಮುಟ್ಟಿತ್ತು.

ಘೋಷರು ಬಂದ ಕೆಲವೇ ದಿನಗಳಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಬೆಂಗಳೂರು ಆಗ ಎರಡು ಊರು. ಪೇಟೆಯ ಭಾಗ ಮೈಸೂರು ಮಹಾರಾಜರದು, ದಂಡು ಬ್ರಿಟಿಷರ ಆಡಳಿತದ್ದು. ದಂಡಿನ ಬೀದಿಗಳು ಸೈನಿಕರಿಂದ ತುಂಬಿದವು. 1940ರ ಡಿಸೆಂಬರಿನಲ್ಲಿ, ಹಲಸೂರಿನಿಂದಾಚೆ ಪೂರ್ವಕ್ಕೆ, ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿಸಿದರು. ಕಾರ್ಖಾನೆ ಬಂತು, ಆದರೆ ವಿಮಾನವನ್ನು ಲೆಕ್ಕ ಹಾಕಿ ರೂಪಿಸಬಲ್ಲ ಎಂಜಿನಿಯರುಗಳು ದೇಶದಲ್ಲಿ ಎಲ್ಲಿದ್ದರು? ಆ ವಿದ್ಯೆಯನ್ನು ಕಲಿಸುವ ಒಂದು ವಿಭಾಗವೂ ಭಾರತದಲ್ಲಿ ಇರಲಿಲ್ಲ.

1942ರ ಡಿಸೆಂಬರಿನಲ್ಲಿ ಘೋಷರ ನೇತೃತ್ವದ ಸಂಸ್ಥೆ ವೈಮಾನಿಕ ಎಂಜಿನಿಯರಿಂಗ್ ವಿಭಾಗವನ್ನು ತೆರೆಯಿತು. ಅದರ ಹೊಣೆ ವಿ.ಎಂ. ಘಾಟಗೆ ಅವರಿಗೆ ಬಂತು. ಅವರು ಮುಂದೆ ಪೂರ್ವದ ಆ ಕಾರ್ಖಾನೆಗೇ ಹೋಗಿ, ಸ್ವತಂತ್ರ ಭಾರತ ತಾನೇ ವಿನ್ಯಾಸಗೊಳಿಸಿದ ತರಬೇತಿ ವಿಮಾನ ಎಚ್‌ಟಿ-2ರ ರೂವಾರಿಯಾದರು. 1951ರ ಆಗಸ್ಟಿನಲ್ಲಿ ಅದು ಮೊದಲ ಬಾರಿ ಹಾರಿತು. ವೈಮಾನಿಕ ವಿಭಾಗವಷ್ಟೇ ಅಲ್ಲ, ಲೋಹವಿಜ್ಞಾನ, ಅಂತರ್ದಹನ ಎಂಜಿನ್, ವಿದ್ಯುಚ್ಛಕ್ತಿ ಎಂಜಿನಿಯರಿಂಗ್ ಮೊದಲಾದ ವಿಭಾಗಗಳಿಗೂ ಘೋಷರ ಕಾಲದಲ್ಲಿಯೇ ಅಡಿಪಾಯ ಬಿತ್ತು. ಕಲ್ಲಿದ್ದಲಿನಿಂದ ಬರುವ ಅನಿಲಗಳನ್ನು ವೇಗವರ್ಧಕಗಳ ಮೇಲೆ ಹಾಯಿಸಿ ದ್ರವ ಇಂಧನ ಪಡೆಯುವ ಸಂಶೋಧನೆಯನ್ನು ಅವರು ಸ್ವತಃ ಮುಂದುವರಿಸಿದರು. ಎಣ್ಣೆಗಾಗಿ ಹೊರಗಿನವರನ್ನು ನೆಚ್ಚಿದ್ದ ದೇಶಕ್ಕೆ ಆ ಪ್ರಶ್ನೆ ಎಷ್ಟು ಮುಖ್ಯವೆಂದು ಬಿಡಿಸಿ ಹೇಳಬೇಕಿಲ್ಲ. ಬ್ರಿಟಿಷ್ ಸರ್ಕಾರ 1943ರಲ್ಲಿ ಅವರಿಗೆ ಸರ್ ಪದವಿ ನೀಡಿತು.

ಎಂಜಿನಿಯರಿಂಗ್‌ಗೆ ಒತ್ತು ಕೊಟ್ಟರೆಂದ ಮಾತ್ರಕ್ಕೆ ಶುದ್ಧ ವಿಜ್ಞಾನವನ್ನು ಅಲಕ್ಷಿಸಿದರೆಂದಲ್ಲ. ಯುದ್ಧದಿಂದಾಗಿ ಕೇಂಬ್ರಿಜ್‌ಗೆ ಮರಳಲಾಗದೆ ಉಳಿದ ಹೋಮಿ ಭಾಭಾ ಇದೇ ಆವರಣದಲ್ಲಿ ವಿಶ್ವಕಿರಣಗಳ ಅಧ್ಯಯನ ನಡೆಸಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಕಣ್ತೆರೆದದ್ದೂ ಇಲ್ಲಿಯೇ. ಮುಂಬಯಿಗೆ ಹೋದದ್ದು ಆಮೇಲೆ. ಇವೆಲ್ಲಕ್ಕೂ ಘೋಷರೇ ಕಾರಣರೆಂದರೆ ಉತ್ಪ್ರೇಕ್ಷೆಯಾದೀತು. ಭಾಭಾ ಅವರ ಪ್ರತಿಭೆ ಅವರದು, ಟಾಟಾ ದತ್ತಿಗಳ ಔದಾರ್ಯ ಅವರದು. ಆದರೆ ಬೇರೆಯವರ ಕೆಲಸಕ್ಕೆ ಅಡ್ಡಬಾರದೆ ಜಾಗ ಮಾಡಿಕೊಡುವುದೂ ಒಂದು ಕೆಲಸವೇ. ತನ್ನ ಸಿದ್ಧಾಂತವನ್ನು ಬೇರೆಯವರು ಮೀರಿ ಹೋದದ್ದನ್ನು ಕಂಡುಂಡ ಮನುಷ್ಯನಿಗೆ ಆ ಕೆಲಸ ಬಹುಶಃ ಚೆನ್ನಾಗಿ ಒಗ್ಗಿತ್ತು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಘೋಷರು ಬೆಂಗಳೂರು ಬಿಟ್ಟು, ಕೈಗಾರಿಕೆ ಮತ್ತು ಸರಬರಾಜಿನ ಮಹಾನಿರ್ದೇಶಕರಾಗಿ ದೆಹಲಿಗೆ ಹೋದರು. 1950ರಲ್ಲಿ ಖರಗ್‌ಪುರದಲ್ಲಿ ದೇಶದ ಮೊದಲ ಐಐಟಿ ಆರಂಭವಾದಾಗ ಅದರ ಮೊದಲ ನಿರ್ದೇಶಕರು ಅವರೇ. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಹಿಜ್ಲಿ ಬಂದೀಖಾನೆಯ ಕಟ್ಟಡದಲ್ಲಿ ಎಂಜಿನಿಯರಿಂಗ್ ತರಗತಿಗಳು ನಡೆದವು. ಬೆಂಗಳೂರಿನಲ್ಲಿ ಹೊಸ ವಿಭಾಗಗಳನ್ನು ಕಟ್ಟಿದ ಅನುಭವ ಅಲ್ಲಿ ಕೈಹಿಡಿಯಿತೆಂದು ಊಹಿಸಿದರೆ ತಪ್ಪಾಗಲಾರದು. 1954ರಲ್ಲಿ ಪದ್ಮಭೂಷಣ ಬಂತು. ಆ ವರ್ಷವೇ ಕಲ್ಕತ್ತ ವಿಶ್ವವಿದ್ಯಾನಿಲಯದ ಕುಲಪತಿಯಾದರು. 1955ರಿಂದ ಯೋಜನಾ ಆಯೋಗದ ಸದಸ್ಯರಾಗ���ದ್ದು, ಆ ಹೊಣೆಯಲ್ಲಿರುವಾಗಲೇ 1959ರ ಜನವರಿ 21ರಂದು ತೀರಿಕೊಂಡರು. ಅದೇ ವರ್ಷ ದೆಹಲಿಯಲ್ಲಿ ಹುಟ್ಟಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಮರುವರ್ಷ ಬೆಂಗಳೂರಿಗೆ ಬಂದು, ದಂಡಿನ ಅಂಚಿನಲ್ಲಿರುವ ಜಯಮಹಲ್ ಅರಮನೆಯ ಕುದುರೆಲಾಯಗಳಲ್ಲಿ ಕೆಲಸ ಆರಂಭಿಸಿತು.

ಘೋಷರ ಬದುಕಿನ ಬಗ್ಗೆ ಒಂದು ಕೊರಗು ಉಳಿಯುತ್ತದೆ. ಇಪ್ಪತ್ತರ ಹರೆಯದಲ್ಲಿ ಅಷ್ಟು ದೊಡ್ಡ ಪ್ರಶ್ನೆಗೆ ಕೈಹಾಕಿದ ಮನಸ್ಸು ನಲವತ್ತೈದರ ನಂತರ ಕಡತ, ಸಮಿತಿ, ಕಟ್ಟಡಗಳ ನಡುವೆ ಸವೆಯಬೇಕಿತ್ತೇ? ಹೊಸ ರಾಷ್ಟ್ರ ತನ್ನ ಉತ್ತಮ ವಿಜ್ಞಾನಿಗಳನ್ನು ಆಡಳಿತಗಾರರನ್ನಾಗಿ ಮಾಡಿ ವಿಜ್ಞಾನವನ್ನು ಬಡವಾಗಿಸಿತೆಂಬ ಆಕ್ಷೇಪ ಹಳೆಯದು. ಅದರಲ್ಲಿ ಸತ್ಯವೂ ಇದೆ. ಘೋಷರು ಪ್ರಯೋಗಶಾಲೆಯಲ್ಲೇ ಉಳಿದಿದ್ದರೆ ಇನ್ನೇನು ಕಾಣುತ್ತಿದ್ದರೋ ಹೇಳಲು ಬಾರದು. ಆದರೆ ಅವರು ಕಟ್ಟಿದ ವಿಭಾಗಗಳಿಲ್ಲದೆ ಇನ್ನೊಬ್ಬ ಘೋಷ್ ಮತ್ತೆ ಕಾಗದ ಮತ್ತು ಲೇಖನಿಯನ್ನಷ್ಟೇ ನೆಚ್ಚಿ ಕೂರಬೇಕಾಗುತ್ತಿತ್ತು. ಕಲ್ಕತ್ತೆಯಲ್ಲಿ ತಾನುಂಡ ಅಭಾವವನ್ನು ಮುಂದಿನವರು ಉಣ್ಣದಿರಲಿ ಎಂಬ ಹಂಬಲವನ್ನು ಅವರ ಉತ್ತರಾರ್ಧದ ಬದುಕಿನಲ್ಲಿ ಕಾಣಬಹುದು.

ಇನ್ನು ಸಿದ್ಧಾಂತದ ಮಾತು. ದಟ್ಟವಾದ ದ್ರಾವಣಗಳಲ್ಲಿ ಡಿಬೈ-ಹ್ಯೂಕೆಲ್ ಸೂತ್ರವೂ ನಿಲ್ಲುವುದಿಲ್ಲ. ಅಲ್ಲಿ ಅಯಾನುಗಳು ಒಂದಕ್ಕೊಂದು ಹತ್ತಿರ ಬಂದು, ಜಾಲಕವನ್ನು ಹೋಲುವ ವ್ಯವಸ್ಥೆ ತೋರುತ್ತವೆಯೇ ಎಂಬ ಪ್ರಶ್ನೆಯನ್ನು, ಘೋಷರ ಘನಮೂಲವನ್ನು ನೆನಪಿಸುವ ರೀತಿಯಲ್ಲಿ, ಐವತ್ತರ ದಶಕದ ಕೊನೆಯಲ್ಲಿ ಸಂಶೋಧಕರು ಮತ್ತೆ ಎತ್ತಿದರು. ಅದರಿಂದ ಘೋಷರ ಸಿದ್ಧಾಂತ ಸರಿಯಾಗಿಬಿಡಲಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ಪೊಳ್ಳಲ್ಲವೆಂದು ಇನ್ನೊಮ್ಮೆ ಗೊತ್ತಾಯಿತು.

ನಮ್ಮ ಶಾಲೆಗಳಲ್ಲಿ ಆಮ್ಲವು ಹೈಡ್ರೊಜನ್ ಅಯಾನನ್ನೂ ಪ್ರತ್ಯಾಮ್ಲವು ಹೈಡ್ರಾಕ್ಸಿಲ್ ಅಯಾನನ್ನೂ ಕೊಡುತ್ತದೆಂದು ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಎರಡು ಅಂಕ ಬರುತ್ತದೆ. ಆ ಒಂದು ವಾಕ್ಯದ ಹಿಂದೆ ಕೆಳದರ್ಜೆಯ ಅಂಕ ಪಡೆದ ಪ್ರಬಂಧವಿತ್ತು, ಯಾರೂ ಬಳಸದ ಗಣಿತವಿತ್ತು, ಜಗತ್ತನ್ನು ಸರಿದಾರಿಗೆ ಹಚ್ಚಿದ ಒಂದು ತಪ್ಪು ಇತ್ತು ಎಂದು ಅವರಿಗೆ ಯಾರೂ ಹೇಳುವುದಿಲ್ಲ. ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆಯುವುದನ್ನಷ್ಟೇ ಬಲ್ಲ ವ್ಯವಸ್ಥೆಯಲ್ಲಿ, ಹೊಸ ಉತ್ತರ ಹೇಳುವ ಧೈರ್ಯ ಎಲ್ಲಿಂದ ಹುಟ್ಟಬೇಕು?

ಹಳೆಯ ವಿಮಾನನಿಲ್ದಾಣ ರಸ್ತೆಯಲ್ಲಿ ಸಾಗುವಾಗ ಎಚ್‌ಎಎಲ್‌ನ ಉದ್ದನೆಯ ಗೋಡೆ ಕಾಣುತ್ತದೆ. ಒಮ್ಮೊಮ್ಮೆ ತಲೆಯ ಮೇಲೆ ಪರೀಕ್ಷಾ ಹಾರಾಟದ ಸದ್ದು ಕೇಳುತ್ತದೆ. ಇಂದಿರಾನಗರದ, ಮಾರತ್ತಹಳ್ಳಿಯ ನಿವಾಸಿಗಳು ಒಂದು ಕ್ಷಣ ಮಾತು ನಿಲ್ಲಿಸಿ, ಸದ್ದು ದೂರವಾದ ಮೇಲೆ ಮುಂದುವರಿಸುತ್ತಾರೆ. ಈ ಊರಿನಲ್ಲಿ ವಿಮಾನದ ವಿದ್ಯೆಗೆ ಮೊದಲ ತರಗತಿ ತೆರೆದ ಸಂಸ್ಥೆಯ ಮುಖ್ಯಸ್ಥ, ಆಮ್ಲದ ಹನಿಯೊಂದು ನೀರಿನಲ್ಲಿ ಏನಾಗುತ್ತದೆಂದು ತಲೆಕೆಡಿಸಿಕೊಂಡಿದ್ದ ರಸಾಯನಶಾಸ್ತ್ರಜ್ಞ. ಆ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಉಳಿಯಲಿಲ್ಲ. ಅವರು ತೆರೆದ ಬಾಗಿಲುಗಳು ಇನ್ನೂ ತೆರೆದಿವೆ.